ಬಣ್ಣ ಏಳುತ್ತಿದೆಯೇ, ವಾರ್ನಿಶ್ ಬಿಳಿಚಿದೆಯೇ? ಯುದ್ಧಾಟದ ಟ್ಯಾಂಕ್ ಮಾದರಿಗಳಿಗೆ ದೋಷ ನಿವಾರಣೆ ಕೈಪಿಡಿ

ಕಟ್ಟಿ, ಬಣ್ಣ ಹಚ್ಚಿ ಮುಗಿಸಿದ ಟ್ಯಾಂಕಿನ ಮೇಲೆ ದೋಷವೊಂದು ಕಣ್ಣಿಗೆ ಬಿದ್ದ ಕೂಡಲೇ ಕೈ ತಾನಾಗಿಯೇ ಬ್ರಶ್‌ನ ಕಡೆಗೆ ಹೋಗುತ್ತದೆ. ಆ ಕೈಯನ್ನು ಅಲ್ಲಿಯೇ ತಡೆಯಬೇಕು. ಯುದ್ಧಾಟದ, ಅಂದರೆ ಪುಟ್ಟ ಮಾದರಿಗಳನ್ನಿಟ್ಟು ಕದನ ಆಡುವ ಆಟದ, ಮೇಜಿಗಾಗಿ ತಯಾರಾಗುವ ಮಾದರಿಯ ಮೈಮೇಲೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಪದರ), ಬಣ್ಣ, ಹೊಳಪಿನ ವಾರ್ನಿಶ್, ಡೆಕಾಲ್ (ಸಂಖ್ಯೆ, ಚಿಹ್ನೆಗಳ ಅಂಟುಹಾಳೆ), ವಾಶ್ (ಸಂದುಗಳಿಗೆ ಇಳಿಯುವ ನೀರಾದ ಬಣ್ಣ), ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಎಂದು ಐದಾರು ಪದರಗಳು ಒಂದರ ಮೇಲೊಂದು ಕುಳಿತಿರುತ್ತವೆ. ದೋಷ ಕಾಣಿಸಿಕೊಳ್ಳುವುದು ಮೇಲಿನ ಪದರದಲ್ಲಿ, ಹುಟ್ಟಿರುವುದು ಹೆಚ್ಚಾಗಿ ಅದರ ಕೆಳಗಿನ ಯಾವುದೋ ಒಂದರಲ್ಲಿ. ಹುಟ್ಟಿದ ಪದರ ಯಾವುದೆಂದು ತಿಳಿಯದೆ ಇನ್ನೊಂದು ಕೈ ಬಣ್ಣ ಬಳಿದರೆ ದೋಷ ಮುಚ್ಚಿಹೋಗುವುದಿಲ್ಲ, ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ತೆಗೆಯುವಾಗ ಒಡಲ ಮೇಲಿನ ರಿವೆಟ್ ಸಾಲುಗಳೂ ಅದರೊಂದಿಗೆ ಸವೆದುಹೋಗುತ್ತವೆ.

ಕಾಸರಗೋಡಿನ ಕಡಲ ಬದಿಯಲ್ಲಿ, ಮಂಜೇಶ್ವರ–ಕುಂಬಳೆಯಿಂದ ಚಂದ್ರಗಿರಿ ಹೊಳೆಯ ಆಚೆಯವರೆಗೆ, ಈ ಕೆಲಸ ಮಾಡುವವರಿಗೆ ಕಿಟ್‌ನ ಸೂಚನಾಪತ್ರದಲ್ಲಿ ಹೇಳಿರದ ಒಂದು ತೊಡಕು ಹೆಚ್ಚಿಗೆ ಇದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ನಮ್ಮ ಊರಿನ ಗಾಳಿಯಲ್ಲಿ ನೀರಿನ ಪಸೆ ಸದಾ ಇರುತ್ತದೆ. ತಂಪು ದೇಶದ ಒಣ ಗಾಳಿಯಲ್ಲಿ ಸರಿಹೋಗುವ ಕ್ರಮ ಇಲ್ಲಿ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕೈಕೊಡುತ್ತದೆ. ಆದ್ದರಿಂದ ಕೆಳಗಿನ ಪ್ರತಿಯೊಂದು ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಹೇಳಿ, ಕಷ್ಟದ್ದನ್ನು ಆಮೇಲೆ ಹೇಳಿದ್ದೇನೆ.

ಯಾವ ದೋಷವಾದರೂ ಮೊದಲು ಮಾಡಬೇಕಾದ ಮೂರು ಪರೀಕ್ಷೆ

ಮೊದಲನೆಯದು ವಾಸನೆ. ಮಾದರಿಯನ್ನು ಮುಚ್ಚಳವಿರುವ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತು ನಿಮಿಷ ಇಟ್ಟು, ತೆರೆದು, ಒಮ್ಮೆ ಮಾತ್ರ ಹಗುರವಾಗಿ ಮೂಸಿ ನೋಡಿ. ಟರ್ಪೆಂಟೈನ್ ಅಥವಾ ಥಿನ್ನರ್‌ನ ವಾಸನೆ ಇನ್ನೂ ಇದ್ದರೆ ಒಳಗಿನ ಪದರ ಒಣಗಿಲ್ಲ. ಆಗ ಬೇರಾವ ಪರೀಕ್ಷೆಯನ್ನೂ ಮಾಡದೆ ಎರಡು ದಿನ ಕಾಯಬೇಕು. ಎರಡನೆಯದು ಉಗುರು. ಟ್ಯಾಂಕಿನ ತಳಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಉಗುರಿನಿಂದ ಮೆಲ್ಲನೆ ಒತ್ತಿದಾಗ ಗುರುತು ಮೂಡಿದರೆ ಬಣ್ಣ ಮೇಲ್ಮೈಯಲ್ಲಿ ಮಾತ್ರ ಒಣಗಿದೆ, ಒಳಗೆ ಮೆತ್ತಗಿದೆ ಎಂದರ್ಥ.

ಮೂರನೆಯದು ಸೆಲೋ ಟೇಪ್. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ವಿಷಯ ತಿಳಿಸುವ ಪರೀಕ್ಷೆ ಇದೇ. ತಳಭಾಗದಲ್ಲಿಯೇ ಎರಡು ಸೆಂಟಿಮೀಟರಿನ ತುಂಡನ್ನು ಒತ್ತಿ ಅಂಟಿಸಿ, ಒಂದೇ ಎಳೆತಕ್ಕೆ ಕಿತ್ತು, ಟೇಪಿಗೆ ಏನು ಅಂಟಿಕೊಂಡು ಬಂದಿದೆಯೆಂದು ಬೆಳಕಿಗೆ ಹಿಡಿದು ನೋಡಬೇಕು. ಬಣ್ಣ ಮಾತ್ರ ಬಂದು ಕೆಳಗೆ ಬೂದು ಪ್ರೈಮರ್ ಉಳಿದಿದ್ದರೆ ದೋಷ ಪ್ರೈಮರಿಗೂ ಬಣ್ಣಕ್ಕೂ ನಡುವೆ ಇದೆ. ಪ್ರೈಮರ್ ಸಹಿತ ಎದ್ದು ಬಂದು ಕೆಳಗೆ ಪ್ಲಾಸ್ಟಿಕ್ ಹೊಳೆಯುತ್ತಿದ್ದರೆ ದೋಷ ಪ್ಲಾಸ್ಟಿಕ್‌ನ ಮೈಯಲ್ಲಿಯೇ ಇದೆ. ಏನೂ ಬರದಿದ್ದರೆ ಕೆಳಗಿನ ಪದರಗಳು ಗಟ್ಟಿಯಾಗಿವೆ. ಕಣ್ಣಿಗೆ ಕಾಣುವ ದೋಷ ಮೇಲಿನ ವಾರ್ನಿಶ್ ಅಥವಾ ವಾಶ್‌ಗೆ ಸೇರಿದ್ದು.

ಬಣ್ಣ ಹಾಳೆಯಂತೆ ಏಳುತ್ತಿದ್ದರೆ

ಪ್ಲಾಸ್ಟಿಕ್ ಕಾಣುವಂತೆ ಬಣ್ಣ ಏಳುವುದಕ್ಕೆ ಮುಖ್ಯ ಕಾರಣ ಜಿಡ್ಡು. ಅಚ್ಚಿನಿಂದ ಭಾಗಗಳು ಸಲೀಸಾಗಿ ಬಿಡಲೆಂದು ತಯಾರಕರು ಬಳಸುವ ಜಾರುದ್ರವ್ಯ ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸುವ ರಾಳ) ಕಿಟ್‌ಗಳಲ್ಲಿ ಧಾರಾಳವಾಗಿ, ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಕೆಲವೊಮ್ಮೆ ಉಳಿದಿರುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಮೂಲವನ್ನೂ ಸೇರಿಸಬೇಕು: ಬೆಳಿಗ್ಗೆ ತಲೆಗೆ ಹಚ್ಚಿಕೊಂಡ ತೆಂಗಿನೆಣ್ಣೆ. ಕೆಲಸದ ನಡುವೆ ಕೂದಲು ಸರಿಪಡಿಸಿಕೊಂಡ ಬೆರಳು ಒಡಲಿನ ಮೇಲೆ ಎಲ್ಲೆಲ್ಲಿ ಒತ್ತಿತ್ತೋ ಅಲ್ಲಲ್ಲಿಯೇ ಬಣ್ಣ ಎದ್ದಿರುವುದನ್ನು, ಬೆರಳ ತುದಿಯ ಅಗಲಕ್ಕೆ ಸರಿಯಾಗಿ ಎದ್ದಿರುವುದನ್ನು, ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಹಾಗೆ ಅಲ್ಲಲ್ಲಿ ಅಂಡಾಕಾರವಾಗಿ ಎದ್ದಿದ್ದರೆ ಕಾರಣ ಕೈಯ ಜಿಡ್ಡು. ಒಂದಿಡೀ ಭಾಗದುದ್ದಕ್ಕೂ ಎದ್ದಿದ್ದರೆ ಕಾರಣ ಅಚ್ಚಿನ ಜಿಡ್ಡು.

ಸಣ್ಣ ಜಾಗವಾದರೆ ಎದ್ದ ಅಂಚನ್ನು 800ರಿಂದ 1000 ನಂಬರಿನ ಉಜ್ಜುಕಾಗದದಿಂದ ನೀರು ಮುಟ್ಟಿಸಿ ಉಜ್ಜಿ, ಮೆಟ್ಟಿಲು ಕೈಗೆ ಸಿಗದಂತೆ ಸಮ ಮಾಡಿ, ಸೋಪಿನ ನೀರಿನಿಂದ ಒರೆಸಿ, ಒಣಗಿಸಿ, ಪ್ರೈಮರನ್ನು ಬ್ರಶ್‌ನಿಂದ ಹಚ್ಚಿದರೆ ಸಾಕು. ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಇಡೀ ಬಣ್ಣ ತೆಗೆಯುವುದೇ ಕಡಿಮೆ ಶ್ರಮದ ದಾರಿ. ಅಕ್ರಿಲಿಕ್ ಬಣ್ಣವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದರೆ ಅದು ಬಿಡುತ್ತದೆ ಮತ್ತು ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆ ಅಪಾಯವಾಗುವುದಿಲ್ಲ. ಉಗುರುಬಣ್ಣ ತೆಗೆಯುವ ಅಸಿಟೋನ್ ದ್ರಾವಣ, ಪೇಂಟ್ ಅಂಗಡಿಯ ಎನ್.ಸಿ. ಥಿನ್ನರ್, ಪೆಟ್ರೋಲ್ ಇವುಗಳನ್ನು ಮಾತ್ರ ಮುಟ್ಟಿಸಬಾರದು. ಮೊದಲಿನ ಎರಡು ಪ್ಲಾಸ್ಟಿಕನ್ನೇ ಕರಗಿಸುತ್ತವೆ, ಮೂರನೆಯದು ಮನೆಗೇ ಅಪಾಯ. ಆಲ್ಕೋಹಾಲೂ ಬೇಗ ಹೊತ್ತಿಕೊಳ್ಳುವ ವಸ್ತುವೇ ಆದ್ದರಿಂದ ಕೈಗವಸು ಹಾಕಿ, ಕಿಟಕಿ ತೆರೆದು, ಅಡುಗೆಮನೆಯಿಂದ ದೂರ ಕುಳಿತು ಈ ಕೆಲಸ ಮಾಡಬೇಕು.

ಬಣ್ಣ ಒಡಲಿನಲ್ಲಿ ಗಟ್ಟಿಯಾಗಿ ನಿಂತು ಸರಪಳಿ ಪಟ್ಟಿಯಿಂದ ಮಾತ್ರ ಉದುರುತ್ತಿದ್ದರೆ ಜಿಡ್ಡಿನಲ್ಲಿ ಕಾರಣ ಹುಡುಕುವುದು ವ್ಯರ್ಥ. ಮೇಣದಂತೆ ಜಾರುವ ಮೆತ್ತನೆಯ ಪಟ್ಟಿ ಪಾಲಿಥೀನ್ ಜಾತಿಯದು; ಅದನ್ನು ಬಗ್ಗಿಸಿದಾಗ ಬಣ್ಣ ಬಿರಿಯುವುದು ಆ ವಸ್ತುವಿನ ಗುಣ. ಪಟ್ಟಿಯನ್ನು ಚಕ್ರಗಳ ಮೇಲೆ ಕೂರಿಸಿ, ಇನ್ನು ಬಗ್ಗಿಸುವ ಪ್ರಮೇಯ ಬಾರದಂತೆ ಮಾಡಿದ ಮೇಲೆಯೇ ಅದಕ್ಕೆ ಬಣ್ಣ ಹಚ್ಚಬೇಕು.

ಜೋಡಿಸಿದ ಭಾಗ ಕಳಚುವುದು, ಅಂಟಿನ ಸುತ್ತ ಬಿಳಿ ಮಂಜು ಕವಿಯುವುದು

ಕಳಚಿದ ಭಾಗದ ಎರಡೂ ಮುಖಗಳನ್ನು ನೋಡಿ. ಅಂಟು ಒಂದು ಮುಖದಲ್ಲಿ ಗಾಜಿನ ಹಾಳೆಯಂತೆ ಇಡಿಯಾಗಿ ಉಳಿದಿದ್ದರೆ ಅದು ಎರಡನೆಯ ಮುಖವನ್ನು ಹಿಡಿದೇ ಇಲ್ಲ. ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಅಂಟುವುದು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವುದರಿಂದ. ರೆಸಿನ್, ಲೋಹ ಅಥವಾ ಬಣ್ಣ ಹಚ್ಚಿದ ಮೈಯನ್ನು ಅದು ಕರಗಿಸಲಾರದು. ಜೋಡಿಸುವ ಜಾಗದ ಬಣ್ಣವನ್ನು ಬ್ಲೇಡಿನಿಂದ ಕೆರೆದುಬಿಡುವುದು ಮೊದಲ ಪರಿಹಾರ. ರೆಸಿನ್ ಅಥವಾ ಲೋಹವಾದರೆ ಫೆವಿಕ್ವಿಕ್‌ನಂತಹ ಸೂಪರ್ ಗ್ಲೂ ಬೇಕು.

ಆಟದಲ್ಲಿ ನೂರು ಕೈಗಳಿಗೆ ಸಿಗುವ ಟ್ಯಾಂಕಿನ ನಳಿಗೆ ಮತ್ತೆ ಮತ್ತೆ ಮುರಿಯುತ್ತಿದ್ದರೆ ಅಂಟನ್ನು ಬದಲಿಸುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ. ನಳಿಗೆಯ ಬುಡದಲ್ಲಿಯೂ ತಿರುಗುಗೋಪುರದ ಮುಖದಲ್ಲಿಯೂ ಕೈ ಡ್ರಿಲ್ಲಿನಿಂದ ಅರ್ಧ ಮಿಲಿಮೀಟರಿನ ತೂತು ಕೊರೆದು, ಹಿತ್ತಾಳೆಯ ತಂತಿಯ ತುಂಡೊಂದನ್ನು ಎರಡಕ್ಕೂ ಸೇರಿಸಿ ಅಂಟಿಸಿದರೆ, ಆಮೇಲೆ ಬರುವ ಪೆಟ್ಟನ್ನು ತಂತಿ ತಾಳಿಕೊಳ್ಳುತ್ತದೆ.

ಸೂಪರ್ ಗ್ಲೂ ಹಾಕಿದ ಜಾಗದ ಸುತ್ತ ಮರುದಿನ ಕಾಣುವ ಬಿಳಿ ಮಂಜು ಬೂಷ್ಟಲ್ಲ. ಗಟ್ಟಿಯಾಗುವ ಮುನ್ನ ಆವಿಯಾಗಿ ಎದ್ದ ಅಂಟು, ಗಾಳಿಯ ಪಸೆಯೊಂದಿಗೆ ಸೇರಿ ಅಕ್ಕಪಕ್ಕದ ಮೈಮೇಲೆ ಕುಳಿತದ್ದು ಅದು. ಅಂಟು ಹೆಚ್ಚಾದಾಗಲೂ, ಅಂಟಿಸಿದ ತಕ್ಷಣ ಮುಚ್ಚಿದ ಡಬ್ಬಿಯಲ್ಲಿಟ್ಟಾಗಲೂ ಇದು ಬರುತ್ತದೆ. ಬಣ್ಣ ಹಚ್ಚುವ ಮೊದಲೇ ಕಂಡರೆ ಉಜ್ಜಿ ತೆಗೆದರಾಯಿತು, ಪ್ರೈಮರ್ ಅದನ್ನು ಮುಚ್ಚುತ್ತದೆ. ಹೆಡ್‌ಲೈಟಿನಂತಹ ಪಾರದರ್ಶಕ ಭಾಗಗಳಿಗೆ ಮಾತ್ರ ಸೂಪರ್ ಗ್ಲೂ ಬೇಡವೇ ಬೇಡ. ಅಲ್ಲಿಗೆ ಫೆವಿಕಾಲ್‌ನಂತಹ ಬಿಳಿ ಅಂಟೇ ಸರಿ.

ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿಯಿಂದಲೋ ಹಳೆಯ ಪಂಚೆಯ ತುಂಡಿನಿಂದಲೋ ಒರೆಸಬಾರದು. ಹತ್ತಿಯ ನಾರಿಗೆ ತಾಗಿದ ಕೂಡಲೇ ಅದು ವೇಗವಾಗಿ ಗಟ್ಟಿಯಾಗುತ್ತಾ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ, ಕೆಲವೊಮ್ಮೆ ಹೊಗೆಯೂ ಏಳುತ್ತದೆ.

ಪ್ರೈಮರ್ ಮರಳಿನಂತೆ ಒರಟಾಗಿದ್ದರೆ

ಭೂತಗನ್ನಡಿಯಲ್ಲಿ ನೋಡಿ. ಅಲ್ಲೊಂದು ಇಲ್ಲೊಂದು ಕಣ, ಜೊತೆಗೆ ನೂಲಿನ ಎಳೆ ಕಂಡರೆ ಅದು ಧೂಳು. ಇಡೀ ಮೈಮೇಲೆ ಒಂದೇ ಗಾತ್ರದ ಕಾಳು ಕಂಡರೆ, ಸ್ಪ್ರೇ ಡಬ್ಬಿಯಿಂದ ಹೊರಟ ಹನಿಗಳು ಮಾದರಿಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿವೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಸೆಖೆಯಲ್ಲಿ, ಒಂದು ಮೊಳಕ್ಕಿಂತ ದೂರ ನಿಂತು ಸ್ಪ್ರೇ ಮಾಡಿದರೆ ಹೀಗಾಗುತ್ತದೆ. 20ರಿಂದ 25 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಮಾದರಿಯ ಆಚೆಯಿಂದ ಆರಂಭಿಸಿ ಈಚೆಗೆ ಮುಗಿಯುವಂತೆ ಕೈ ಬೀಸಬೇಕು. ಈಗಾಗಲೇ ಆಗಿರುವ ಒರಟನ್ನು ಒಣ ಹಲ್ಲುಜ್ಜುವ ಬ್ರಶ್‌ನಿಂದ ಮೊದಲು, ಹೋಗದಿದ್ದರೆ 1500 ನಂಬರಿನ ಉಜ್ಜುಕಾಗದದಿಂದ ನೀರು ಮುಟ್ಟಿಸಿ ಆಮೇಲೆ ತೆಗೆಯಿರಿ. ರೆಸಿನ್ ಮಾದರಿಯನ್ನು ಒಣಗಿದ್ದಾಗ ಉಜ್ಜಬೇಡಿ. ಅದರ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ನೀರು ಮತ್ತು ಮಾಸ್ಕ್ ಎರಡೂ ಬೇಕು.

ಮ್ಯಾಟ್ ವಾರ್ನಿಶ್ ಬಿಳಿಚಿದರೆ

ನಮ್ಮ ಊರಿನಲ್ಲಿ ಅತ್ಯಂತ ಹೆಚ್ಚು ಮಾದರಿಗಳನ್ನು ಕೆಡಿಸುವ ದೋಷ ಇದು. ಮನಸ್ಸಿಗೆ ಅತ್ಯಂತ ಹೆಚ್ಚು ನೋವು ಕೊಡುವುದೂ ಇದೇ, ಏಕೆಂದರೆ ಇದು ಬರುವುದು ತಿಂಗಳ ಕೆಲಸವೆಲ್ಲ ಮುಗಿದ ಕೊನೆಯ ಗಳಿಗೆಯಲ್ಲಿ.

1971ರ ನವೆಂಬರ್ 21ರಂದು ಗರೀಬ್‌ಪುರದಲ್ಲಿ ಭಾರತೀಯ ಸೇನೆಯ 45 ಕ್ಯಾವಲ್ರಿ ದಳದ ಪಿ.ಟಿ.-76 ಎಂಬ ಹಗುರ ಟ್ಯಾಂಕುಗಳು ಬೆಳಗಿನ ಮಂಜಿನಲ್ಲಿ ನಡೆಸಿದ ಕದನವನ್ನು ಮೇಜಿನ ಮೇಲೆ ಆಡಲೆಂದು ನಾನು ಆ ಟ್ಯಾಂಕಿನ ಮಾದರಿಗಳನ್ನು ಕಟ್ಟುತ್ತಿದ್ದೆ. ಮೊದಲನೆಯದು ಜುಲೈ ತಿಂಗಳಲ್ಲಿ ಮುಗಿಯಿತು. ಮಳೆ ಸ್ವಲ್ಪ ಬಿಟ್ಟಿದ್ದ ಹೊತ್ತು ನೋಡಿ ಜಗಲಿಯಲ್ಲಿ ನಿಂತು ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿ ಒಣಗಲು ಬಿಟ್ಟೆ. ಕಾಲು ಗಂಟೆಯಲ್ಲಿ ಹಸಿರು ಒಡಲಿನ ಮೇಲೆ ವಿಭೂತಿ ಬಳಿದಂತೆ ಬಿಳಿ ಕವಿಯಿತು. ಇಂಜಿನಿನ ಜಾಲರಿಯ ಸಂದುಗಳಲ್ಲಿ ಹಚ್ಚಿದ್ದ ಕಂದು ವಾಶ್ ಕಾಣದೇ ಹೋಯಿತು. ಅಷ್ಟರಲ್ಲಿ ಮತ್ತೆ ಮಳೆ ಹನಿಯತೊಡಗಿದ್ದರಿಂದ, ಪಾತ್ರೆ ತೊಳೆಯುತ್ತಿದ್ದ ಅಮ್ಮ ಒದ್ದೆ ಕೈಯಲ್ಲೇ ಬಂದು ಅದನ್ನೆತ್ತಿ ಒಳಗಿಟ್ಟು, “ಇಲ್ಲಿ ನೋಡು ಮಗಾ, ಒದ್ದೆ ತಾಗಿದಲ್ಲಿ ಬಣ್ಣ ಹಾಗೆಯೇ ಉಂಟು” ಎಂದರು. ಅವರ ಹೆಬ್ಬೆರಳು ಒತ್ತಿದ್ದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹಸಿರು ಮೊದಲಿನಂತೆಯೇ ಇತ್ತು. ನೀರು ಆರಿದ ಹಾಗೆ ಅಂಚಿನಿಂದ ಬಿಳಿ ಮತ್ತೆ ಒಳಗೆ ಸರಿದು ಬಂತು.

ಅಂದು ಸಿಕ್ಕಿದ ಆ ಪರೀಕ್ಷೆಯನ್ನೇ ನಾನು ಈಗಲೂ ಮೊದಲು ಮಾಡುತ್ತೇನೆ. ಬಿಳಿಚಿದ ಜಾಗಕ್ಕೆ ಶುದ್ಧ ನೀರಿನ ಹನಿಯೊಂದನ್ನು ಇಟ್ಟಾಗ ಬಿಳಿ ಮಾಯವಾಗಿ, ಆರಿದ ಮೇಲೆ ಮರಳಿದರೆ, ಕೆಳಗಿನ ಬಣ್ಣಕ್ಕೆ ಏನೂ ಆಗಿಲ್ಲ. ವಾರ್ನಿಶಿನೊಳಗಿನ ದ್ರಾವಕ ವೇಗವಾಗಿ ಆವಿಯಾಗುವಾಗ ಮಾದರಿಯ ಮೈ ತಣ್ಣಗಾಗುತ್ತದೆ. ಹಾಗೆ ತಣಿದ ಮೈಮೇಲೆ ಗಾಳಿಯ ಪಸೆ ಇಬ್ಬನಿಯಂತೆ ಕೂತು, ಇನ್ನೂ ಹಸಿಯಾಗಿರುವ ಪದರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿಂದ ಒರಟು ಮಾಡುತ್ತದೆ. ಆ ಒರಟು ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬಿಳಿ ಕಾಣುತ್ತದೆ. ನೀರು ಗುಳಿಗಳನ್ನು ತುಂಬಿದಾಗ ಮೈ ಸಮವಾಗಿ ಬಣ್ಣ ಮರಳುತ್ತದೆ. ನೀರು ಮಾಡಿದ ಈ ಕೆಲಸವನ್ನು ಶಾಶ್ವತವಾಗಿ ಮಾಡಬಲ್ಲದ್ದು ಹೊಳಪಿನ ವಾರ್ನಿಶ್. ಒಂದು ದಿನ ಕಾದು, ನೀರಿನಲ್ಲಿ ಕರಗುವ ಅಕ್ರಿಲಿಕ್ ಹೊಳಪಿನ ವಾರ್ನಿಶನ್ನು ಬ್ರಶ್‌ನಿಂದ ತೆಳ್ಳಗೆ ಹಚ್ಚಿದರೆ ಗುಳಿಗಳು ತುಂಬಿ ಬಿಳಿ ಹೋಗುತ್ತದೆ. ನನ್ನ ಪಿ.ಟಿ.-76 ಎರಡು ಕೈ ಹಚ್ಚುವಷ್ಟರಲ್ಲಿ ಮರಳಿ ಹಸಿರಾಯಿತು. ಹೊಳಪನ್ನು ಕಡಿಮೆ ಮಾಡುವ ಮ್ಯಾಟ್ ಪದರವನ್ನು ಆಮೇಲೆ, ಒಣ ಹವೆಯ ದಿನ ನೋಡಿ, ಅದನ್ನೂ ಬ್ರಶ್‌ನಿಂದಲೇ ಹಚ್ಚಬಹುದು.

ನೀರಿನ ಹನಿಗೆ ಬಿಳಿ ಬಗ್ಗದೇ ಇದ್ದರೆ ಸಂಗತಿ ಬೇರೆ. ಮ್ಯಾಟ್ ವಾರ್ನಿಶಿಗೆ ಮಂಕು ಬರಲೆಂದು ಸೇರಿಸುವ ನುಣುಪಾದ ಪುಡಿ ಡಬ್ಬಿಯ ತಳದಲ್ಲಿ ಕೂತಿರುತ್ತದೆ. ಡಬ್ಬಿಯನ್ನು ಚೆನ್ನಾಗಿ ಕುಲುಕದೆ ಸ್ಪ್ರೇ ಮಾಡಿದರೆ, ಅಥವಾ ಒಂದೇ ಕೈಗೆ ದಪ್ಪವಾಗಿ ಹಾಕಿದರೆ, ಆ ಪುಡಿ ಸಂದುಗಳಲ್ಲಿ ಗುಂಪುಗೂಡಿ ಒಣಗುತ್ತದೆ. ಸಂದುಗಳಲ್ಲಿ ಬಿಳಿ ಹೆಚ್ಚಾಗಿ, ಚಪ್ಪಟೆ ಭಾಗದಲ್ಲಿ ಕಡಿಮೆ ಇರುವುದು ಇದರ ಗುರುತು. ಹೊಳಪಿನ ವಾರ್ನಿಶ್ ಇಲ್ಲಿಯೂ ಕೊಂಚ ನೆರವಾಗಬಹುದು, ಆದರೆ ಸಂದಿನ ಬಿಳಿಯ ಮೇಲೆ ಕಂದು ವಾಶನ್ನು ಮತ್ತೊಮ್ಮೆ ಹಾಕಿ ಮುಚ್ಚುವುದು ಹೆಚ್ಚು ಖಚಿತವಾದ ದಾರಿ. ಎರಡು ಸಲ ಪ್ರಯತ್ನಿಸಿದರೂ ಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಮೂರನೆಯ, ನಾಲ್ಕನೆಯ ವಾರ್ನಿಶ್ ಪದರ ಹಾಕಿದರೆ ಬೋಲ್ಟಿನ ತಲೆಗಳೆಲ್ಲ ತುಂಬಿ ಮಾದರಿ ಸೋಪಿನ ತುಂಡಿನಂತಾಗುತ್ತದೆ.

ಮತ್ತೆ ಹೀಗಾಗದಂತೆ ನಾನು ಪಾಲಿಸುವ ಕ್ರಮ ಇದು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಸ್ಪ್ರೇ ಡಬ್ಬಿಯ ಕೆಲಸವೆಲ್ಲ ಮುಗಿದಿರಬೇಕು. ಮಳೆಗಾಲದ ನಾಲ್ಕು ತಿಂಗಳು ಕಟ್ಟುವುದು, ಉಜ್ಜುವುದು ಮತ್ತು ಬ್ರಶ್ ಕೆಲಸ ಮಾತ್ರ. ಗಾಳಿಯ ತೇವಾಂಶ ತೋರಿಸುವ ಸಣ್ಣ ಮೀಟರೊಂದನ್ನು ಮೇಜಿನ ಮೇಲಿಟ್ಟುಕೊಂಡಿದ್ದೇನೆ, ಅದು ಶೇಕಡಾ 70 ದಾಟಿದ ದಿನ ಡಬ್ಬಿ ಮುಟ್ಟುವುದಿಲ್ಲ. ಡಬ್ಬಿಯನ್ನು ಎರಡು ನಿಮಿಷ ಕುಲುಕಿ, ಮೊದಲು ಬಣ್ಣ ಹಚ್ಚಿದ ಪ್ಲಾಸ್ಟಿಕ್ ಚಮಚವೊಂದರ ಮೇಲೆ ಸ್ಪ್ರೇ ಮಾಡಿ, ಅರ್ಧ ಗಂಟೆ ಕಾದು, ಚಮಚ ಬಿಳಿಚದಿದ್ದರೆ ಮಾತ್ರ ಟ್ಯಾಂಕನ್ನು ಎತ್ತಿಕೊಳ್ಳುತ್ತೇನೆ. ಡಬ್ಬಿ ತಣ್ಣಗಿದೆಯೆಂದು ಬಿಸಿಲಿನಲ್ಲಿಯೋ ಒಲೆಯ ಬಳಿಯೋ ಇಡಬಾರದು, ಅದು ಸಿಡಿಯಬಲ್ಲದು. ಮುಸ್ಸಂಜೆ ದೇವರ ದೀಪ ಹಚ್ಚಿದ ಮೇಲೆ ಮನೆಯೊಳಗೆ ಸ್ಪ್ರೇ ಮಾಡುವುದೂ ಬೆಂಕಿಯನ್ನು ಕರೆದಂತೆಯೇ.

ದಿನಗಳಾದರೂ ಬಣ್ಣ ಅಂಟಂಟಾಗಿದ್ದರೆ

ಮೊದಲು ಯಾವ ಬಣ್ಣವೆಂದು ನೋಡಿ. ನೀರಿನ ಅಕ್ರಿಲಿಕ್ ಒಂದು ದಿನದ ಮೇಲೂ ಅಂಟುತ್ತಿದ್ದರೆ ಅದನ್ನು ದಪ್ಪವಾಗಿ ಹಚ್ಚಲಾಗಿದೆ ಅಥವಾ ಗಾಳಿ ತೀರಾ ಒದ್ದೆಯಾಗಿದೆ. ಫ್ಯಾನಿನ ಗಾಳಿಯಲ್ಲಿ ಇಟ್ಟರೆ ಸಾಕು. ಎನಾಮೆಲ್ ಹಾಗಲ್ಲ. ಅದರ ಥಿನ್ನರ್ ಹಾರಿಹೋದ ಮೇಲೆ ಉಳಿದ ಎಣ್ಣೆಯಂಶ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗಬೇಕು, ದಪ್ಪ ಪದರದ ಒಳಕ್ಕೆ ಆ ಗಾಳಿ ತಲುಪುವುದೇ ಇಲ್ಲ. ಯಕ್ಷಗಾನದ ಬಣ್ಣದ ವೇಷಧಾರಿ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಕುಳಿತು ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿಯನ್ನು ಗಂಟೆಗಟ್ಟಲೆ ಬೊಟ್ಟು ಬೊಟ್ಟಾಗಿ ಇಡುವುದನ್ನು ಕಂಡವರಿಗೆ, ತೆಳ್ಳಗೆ ಇಟ್ಟು ಕಾಯುವುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ವಾರ ಕಾಯುವುದು ಮೊದಲ ಪರಿಹಾರ. ಗಾಳಿಯಾಡುವ, ಸಿಲಿಕಾ ಜೆಲ್ ಚೀಲಗಳಿರುವ ಡಬ್ಬಿಯಲ್ಲಿಟ್ಟು ಕಾಯುವುದು ಎರಡನೆಯದು. ಅಡಿಕೆ, ಕೊಬ್ಬರಿ ಒಣಗುವ ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿ ಇಡುವ ಯೋಚನೆ ಹಳೆಯ ಮನೆಗಳಲ್ಲಿ ಬರುವುದು ಸಹಜ. ಆದರೆ ಅಲ್ಲಿ ಮಸಿ ಹಸಿಬಣ್ಣಕ್ಕೆ ಮೆತ್ತಿಕೊಳ್ಳುತ್ತದೆ, ಕೆಳಗೆ ಬೆಂಕಿಯಿರುತ್ತದೆ, ಕಾವಿಗೆ ಪ್ಲಾಸ್ಟಿಕ್ ಬಾಗುತ್ತದೆ. ಎರಡು ವಾರದ ಮೇಲೂ ಉಗುರಿನ ಗುರುತು ಮೂಡುತ್ತಿದ್ದರೆ ಡಬ್ಬಿಯ ಬಣ್ಣವನ್ನು ತಳದವರೆಗೆ ಕಲಕದೆ ಬಳಸಿರಬೇಕು. ಅದು ಇನ್ನು ಗಟ್ಟಿಯಾಗುವ ಭರವಸೆಯಿಲ್ಲ, ತೆಗೆದು ಹೊಸದಾಗಿ ಹಚ್ಚಿ.

ಇಲ್ಲಿ ಒಂದು ಅಪವಾದವನ್ನು ಗಮನಿಸಬೇಕು. ಅಂಟುವ ಗುಣ ಇಡೀ ಮೈಮೇಲೆ ಇಲ್ಲದೆ, ಸರಪಳಿ ಪಟ್ಟಿ ಚಕ್ರಗಳನ್ನು ಮುಟ್ಟುವ ಜಾಗದಲ್ಲಿ ಮಾತ್ರ ಇದ್ದು, ಅಲ್ಲಿ ಪ್ಲಾಸ್ಟಿಕ್ಕೇ ಮೆತ್ತಗಾಗಿದ್ದರೆ ಅದು ಬಣ್ಣದ ದೋಷವಲ್ಲ. ರಬ್ಬರಿನಂತಹ ವಿನೈಲ್ ಪಟ್ಟಿಯನ್ನು ಮೃದುವಾಗಿಡಲು ಬೆರೆಸಿದ ದ್ರವ ವರ್ಷಗಳಲ್ಲಿ ಜಿನುಗಿ ಪಾಲಿಸ್ಟೈರೀನ್ ಚಕ್ರಗಳನ್ನು ಕರಗಿಸುತ್ತದೆ. ಪಟ್ಟಿಯನ್ನು ಕೂಡಲೇ ಬಿಚ್ಚಬೇಕು. ಕರಗಿದ ಚಕ್ರ ಮರಳಿ ಗಟ್ಟಿಯಾಗುವುದಿಲ್ಲ, ಬದಲಿಸಲೇಬೇಕು; ಹೊಸ ಪಟ್ಟಿ ಗಟ್ಟಿ ಪ್ಲಾಸ್ಟಿಕ್‌ನದಾಗಿರಲಿ.

ಡೆಕಾಲ್‌ನ ಸುತ್ತ ಬೆಳ್ಳಿಯ ಹೊಳಪು

ಸಂಖ್ಯೆ, ಚಿಹ್ನೆಗಳ ಪಾರದರ್ಶಕ ಹಾಳೆಯ ಕೆಳಗೆ ಗಾಳಿ ಸಿಕ್ಕಿಕೊಂಡರೆ ಈ ಹೊಳಪು ಕಾಣುತ್ತದೆ. ಮ್ಯಾಟ್ ಮೈಮೇಲೆ ನೇರವಾಗಿ ಅಂಟಿಸಿದ್ದೇ ಕಾರಣ. ಸೂಜಿಯ ಮೊನೆಯಿಂದ ನಾಲ್ಕಾರು ಕಡೆ ಚುಚ್ಚಿ, ಡೆಕಾಲ್ ಮೆತ್ತಗಾಗಿಸುವ ದ್ರಾವಣದ ಹನಿಯೊಂದನ್ನು ಬಿಟ್ಟು, ಸುಕ್ಕು ಬಂದರೂ ಮುಟ್ಟದೆ ಒಣಗಲು ಬಿಡಿ. ಸುಕ್ಕು ತಾನಾಗಿ ಇಳಿಯುತ್ತದೆ. ಮುಂದಿನ ಸಲ ಹೊಳಪಿನ ವಾರ್ನಿಶ್ ಹಚ್ಚಿಯೇ ಡೆಕಾಲ್ ಅಂಟಿಸಿ.

ವಾಶ್ ಹಾಕಿದ ಮೇಲೆ ಪ್ಲಾಸ್ಟಿಕ್ ಬಿರುಕು ಬಿಟ್ಟರೆ

ಚಕ್ರದ ಅಚ್ಚು ಮುರಿದು ಕೈಗೆ ಬರುವುದು, ಬಿಗಿಯಾಗಿ ಎಳೆದು ಕೂರಿಸಿದ ಪಟ್ಟಿಯ ಬಳಿ ಕೂದಲೆಳೆಯಂತಹ ಬಿರುಕು ಮೂಡುವುದು, ಇವೆರಡೂ ಒಂದೇ ದೋಷದ ಲಕ್ಷಣ. ಎನಾಮೆಲ್ ವಾಶಿನ ಥಿನ್ನರ್ ಬಣ್ಣವಿಲ್ಲದ ಸಂದುಗಳಿಗೆ ಇಳಿದು, ಸೆಳೆತದಲ್ಲಿರುವ ಪ್ಲಾಸ್ಟಿಕನ್ನು ಬಿರಿಯುವಂತೆ ಮಾಡಿದೆ. ಬಿರುಕು ಕಂಡ ಕೂಡಲೇ ವಾಶ್ ನಿಲ್ಲಿಸಿ, ನಿಂತ ದ್ರವವನ್ನು ಕಾಗದದಿಂದ ಹೀರಿಸಿ, ಪಟ್ಟಿಯ ಬಿಗಿತ ಸಡಿಲಿಸಿ, ಎರಡು ದಿನ ಬಿಡಿ. ಬಿರುಕು ಮುಂದುವರಿಯದಿದ್ದರೆ ಒಳಗಿನಿಂದ ತೆಳು ಪ್ಲಾಸ್ಟಿಕ್ ತುಂಡೊಂದನ್ನು ಅಂಟಿಸಿ ಬಲಪಡಿಸಬಹುದು. ಚಕ್ರಗಳ ಬಳಿ ನಾನು ಈಗ ನೀರಿನ ಅಕ್ರಿಲಿಕ್ ವಾಶ್ ಮಾತ್ರ ಬಳಸುತ್ತೇನೆ. ಅದು ಎನಾಮೆಲ್‌ನಷ್ಟು ಸೊಗಸಾಗಿ ಹರಿಯುವುದಿಲ್ಲವೆಂಬುದು ನಿಜ.

ಮೇಜಿನ ಮೇಲಿಟ್ಟಾಗ ಕಪ್ಪು ಮುದ್ದೆಯಂತೆ, ಅಥವಾ ಸೈನಿಕರಿಗಿಂತ ಸಣ್ಣದಾಗಿ ಕಂಡರೆ

ಕೈಯಲ್ಲಿ ಹಿಡಿದಾಗ ಚೆನ್ನಾಗಿದ್ದ ಬಣ್ಣ ಮೂರು ಅಡಿ ದೂರದಿಂದ ಕಪ್ಪಾಗಿ ಕಂಡರೆ ಬಣ್ಣ ಕೆಟ್ಟಿಲ್ಲ. ನಿಜವಾದ ಟ್ಯಾಂಕಿನ ದೊಡ್ಡ ಮೈಮೇಲೆ ಬೀಳುವ ಬೆಳಕು ಅಂಗೈ ಅಗಲದ ಮಾದರಿಗೆ ಸಿಗುವುದಿಲ್ಲ. ಅದೇ ಹಸಿರನ್ನು ಕೊಂಚ ತಿಳಿ ಮಾಡಿಯೇ ಹಚ್ಚಬೇಕು. ಬಿಳಿ ಬೆರೆಸಿದರೆ ಹಸಿರು ಸುಣ್ಣದಂತೆ ಸಪ್ಪೆಯಾಗುತ್ತದೆ, ಹಳದಿ ಮಿಶ್ರಿತ ತಿಳಿ ಮಣ್ಣಿನ ಬಣ್ಣ ಬೆರೆಸುವುದು ಲೇಸು.

ಗಾತ್ರದ ಅನುಮಾನ ಬಂದರೆ ಸ್ಕೇಲಿನಲ್ಲಿ ಅಳೆಯುವುದೇ ಪರೀಕ್ಷೆ. ಪಿ.ಟಿ.-76ರ ಒಡಲಿನ ಉದ್ದ 6.91 ಮೀಟರ್, 1:72ರಲ್ಲಿ (ನಿಜದ 72ನೇ ಒಂದು ಪಾಲಿನ ಅಳತೆಯಲ್ಲಿ) ಅದು 96 ಮಿಲಿಮೀಟರ್, 1:100ರಲ್ಲಿ 69, 1:56ರಲ್ಲಿ 123 ಇರಬೇಕು. 28 ಮಿಲಿಮೀಟರ್ ಎತ್ತರದ ಸೈನಿಕರೊಂದಿಗೆ 1:56, 20 ಮಿಲಿಮೀಟರಿನವರೊಂದಿಗೆ 1:72, 15 ಮಿಲಿಮೀಟರಿನವರೊಂದಿಗೆ 1:100 ಹೊಂದುತ್ತದೆ. ಅಳತೆ ತಪ್ಪಿದ್ದರೆ ಬಣ್ಣದಿಂದ ಸರಿಪಡಿಸಲಾಗದು, ಸೈನಿಕರನ್ನೇ ಬದಲಿಸಬೇಕು.

ಪೀಠದ ಮೇಲೆ ಬೂಷ್ಟು, ಅಥವಾ ಸದಾ ಒದ್ದೆ

ಮಳೆಗಾಲ ಕಳೆದು ಕಪಾಟು ತೆರೆದಾಗ ಟ್ಯಾಂಕಿನ ಪೀಠದ ಮೇಲೆ ಬೂದುಹಸಿರು ನೂಲು ಕಂಡರೆ ಅದು ಬೂಷ್ಟು. ಬಿಳಿ ಅಂಟಿನಲ್ಲಿ ಕಲಸಿದ ಮರದ ಹುಡಿ, ತೆಂಗಿನ ನಾರಿನ ಹುಡಿ, ಒಣಗಿಸಿದ ಚಹಾ ಸೊಪ್ಪು ಅದಕ್ಕೆ ಆಹಾರ. ಒಣಗಿದ್ದಾಗ ಗುಡಿಸಬೇಡಿ, ಮಾಸ್ಕ್ ಹಾಕಿ, ಅಂಗಳಕ್ಕೆ ಒಯ್ದು, ಪೀಠದ ಮೇಲಿನದನ್ನು ಒದ್ದೆ ಮಾಡಿ ಕೆರೆದು, ಬಿಸಿಲಿಗಿಡದೆ ನೆರಳಿನ ಗಾಳಿಯಲ್ಲಿ ಒಣಗಿಸಿ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸುವುದಾದರೆ ಪೀಠದ ಮಟ್ಟಕ್ಕೆ ನಿಲ್ಲಿಸಿ, ಟ್ಯಾಂಕಿಗೆ ತಾಗಿದರೆ ಅದು ಅಕ್ರಿಲಿಕ್ ಬಣ್ಣವನ್ನು ಎಬ್ಬಿಸುತ್ತದೆ.

ಬೂಷ್ಟಿಲ್ಲದೆ ಮರಳು ಮಾತ್ರ ಸದಾ ಒದ್ದೆಯಾಗಿದ್ದು, ಅದರ ಮೇಲಿನ ಬಣ್ಣ ನಿಲ್ಲದಿದ್ದರೆ ಆ ಮರಳು ಎಲ್ಲಿಂದ ಬಂತೆಂದು ನೆನಪಿಸಿಕೊಳ್ಳಿ. ಕಡಲ ತೀರದಿಂದ ತಂದ ಮರಳಿನಲ್ಲಿರುವ ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಸಿಹಿನೀರಿನಲ್ಲಿ ಐದಾರು ಸಲ ಜಾಲಿಸಿ, ಒಣಗಿಸಿದ ಮೇಲೆಯೇ ಅದನ್ನು ಬಳಸಬೇಕು. ಈಗಾಗಲೇ ಅಂಟಿಸಿದ್ದರೆ ಕೆರೆದು ತೆಗೆಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಲಕ್ಷಣ ಮಾದರಿಯಲ್ಲಿಲ್ಲದೆ ನಿಮ್ಮ ಮೈಯಲ್ಲಿ ಕಂಡರೆ

ಕೆಲಸದ ನಡುವೆ ತಲೆನೋವು, ತಲೆಸುತ್ತು, ಗಂಟಲ ಕೆರೆತ ಬಂದರೆ ಥಿನ್ನರ್‌ನ ಆವಿ ಹೆಚ್ಚಾಗಿದೆ. ಡಬ್ಬಿಗಳನ್ನು ಮುಚ್ಚಿ ಹೊರಗಿನ ಗಾಳಿಗೆ ಬನ್ನಿ. ಕಡಿಮೆಯಾದರೂ ಅಂದಿಗೆ ಕೆಲಸ ಮುಂದುವರಿಸಬೇಡಿ. ಉಸಿರಾಟ ಕಷ್ಟವಾದರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಸೂಪರ್ ಗ್ಲೂನಿಂದ ಬೆರಳುಗಳು ಅಂಟಿಕೊಂಡರೆ ಎಳೆಯದೆ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ಮೆಲ್ಲನೆ ಉರುಳಿಸುತ್ತಾ ಬಿಡಿಸಿ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಿಡಿಸಲು ಹೋಗಬಾರದು, ಅಸಿಟೋನ್ ಮುಟ್ಟಿಸಲೇಬಾರದು; ಬೆಚ್ಚಗಿನ ನೀರಿನಿಂದ ತೊಳೆದು, ಒದ್ದೆ ಬಟ್ಟೆ ಮುಚ್ಚಿ, ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಬ್ಲೇಡಿನ ಗಾಯ ಹತ್ತು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಬೆರಳ ತುದಿಯ ಸ್ಪರ್ಶ ತಿಳಿಯದಿದ್ದರೆ, ಆಸ್ಪತ್ರೆಗೆ ಹೋಗುವುದನ್ನು ಮರುದಿನಕ್ಕೆ ಮುಂದೂಡಬೇಡಿ. ಮಕ್ಕಳು ಅಂಟನ್ನಾಗಲಿ ಥಿನ್ನರನ್ನಾಗಲಿ ನುಂಗಿದ್ದರೆ ವಾಂತಿ ಮಾಡಿಸುವ ಪ್ರಯತ್ನ ಬೇಡ. ಆ ಬಾಟಲಿಯನ್ನೇ ಜೊತೆಗೆ ಹಿಡಿದುಕೊಂಡು ಹೊರಡಿ, ಅದರ ಮೇಲಿನ ಚೀಟಿ ನೋಡಿದರೆ ಒಳಗಿನ ದ್ರಾವಕ ಯಾವುದೆಂದು ವೈದ್ಯರಿಗೆ ತಿಳಿಯುತ್ತದೆ.